ರಿಸೆಪ್ಟರ್ ಹೆಚ್ಚಿಸಿದ್ದು ಕಾಯಿಲೆಯೋ, ಗುಳಿಗೆಯೋ?

ಗಂಗಾವತಿ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇಷ್ಟು: "ನನ್ನ ತಮ್ಮನಿಗೆ ನಾಲ್ಕು ವರ್ಷದಿಂದ ಸ್ಕಿಜೋಫ್ರೀನಿಯಾ ಎಂಬ ಮನೋರೋಗ. ರಿಸ್ಪೆರಿಡೋನ್ ಗುಳಿಗೆ ನಡೆದಿದೆ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ಆದರೆ ಕೈ ನಡುಗುತ್ತದೆ, ನಡಿಗೆ ಬಿಗಿಯಾಗಿದೆ. ಈ ಕಾಯಿಲೆಯವರ ಮಿದುಳಿನಲ್ಲಿ ಡೋಪಮೈನ್ ರಿಸೆಪ್ಟರುಗಳು ಹೆಚ್ಚಿರುತ್ತವೆ ಎಂದು ನಿಮ್ಮ ಪತ್ರಿಕೆ ಬರೆದಿತ್ತು. ಅವು ಹೆಚ್ಚುವುದೇ ಗುಳಿಗೆಯಿಂದ, ಮಿದುಳು ಕುಗ್ಗುವುದೂ ಅದರಿಂದಲೇ ಎಂದು ಔಷಧ ಅಂಗಡಿ ಇಟ್ಟಿರುವ ನಮ್ಮ ಭಾವ ಹೇಳುತ್ತಾರೆ. ಹಾಗಿದ್ದರೆ ಗುಳಿಗೆ ನಿಲ್ಲಿಸುವುದೇ ಮೇಲಲ್ಲವೇ?"

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಆ ಲೇಖನದ ವಾಕ್ಯ ಅಷ್ಟು ಖಚಿತವಾಗಿ ಅಚ್ಚಾಗಬಾರದಿತ್ತು, ತಿದ್ದಬೇಕಾದವನು ನಾನೇ. ನಿಮ್ಮ ಭಾವನವರ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಆ ಅರ್ಧದಿಂದ ನೀವು ತಲುಪಿರುವ ತೀರ್ಮಾನ ಅಪಾಯದ್ದು. (ರಿಸೆಪ್ಟರಿಗೆ ಪಠ್ಯಪುಸ್ತಕದಲ್ಲಿ 'ಗ್ರಾಹಕ' ಎಂದಿದೆ. ಆ ಪದ ಕೇಳಿದರೆ ಅಂಗಡಿಯ ಗಿರಾಕಿಯೇ ಕಣ್ಣಮುಂದೆ ಬರುವುದರಿಂದ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ.)

ತುಂಗಭದ್ರಾ ಎಡದಂಡೆ ಕಾಲುವೆಯ ಊರಿನವರಾದ ನಿಮಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳುವುದು ಸುಲಭ. ಒಂದು ನರಕೋಶ ಡೋಪಮೈನ್ ಎಂಬ, ಸಂದೇಶ ಒಯ್ಯುವ ರಾಸಾಯನಿಕವನ್ನು ಕಾಲುವೆಗೆ ನೀರು ಬಿಟ್ಟಂತೆ ಹೊರಗೆ ಬಿಡುತ್ತದೆ. ಪಕ್ಕದ ನರಕೋಶದ ಮೈಮೇಲಿನ ರಿಸೆಪ್ಟರುಗಳೆಂಬ ತೂಬುಗಳು ಅದನ್ನು ಒಳಗೆಳೆದುಕೊಳ್ಳುವ ಬದಲು ಅದರ ಸಂದೇಶವನ್ನಷ್ಟೇ ಒಳಕ್ಕೆ ದಾಟಿಸುತ್ತವೆ. ಈ ರಿಸೆಪ್ಟರುಗಳಲ್ಲಿ ಐದು ಬಗೆ. ಮನೋವಿಕಾರದ ಔಷಧಗಳಿಗೆ ಮುಖ್ಯವಾದುದು ಡಿ2.

ಪ್ಯಾರಿಸ್ಸಿನ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ 1952ರಲ್ಲಿ ಕ್ಲೋರ್‌ಪ್ರೊಮಝೀನನ್ನು ರೋಗಿಗಳಿಗೆ ಕೊಟ್ಟು ಫಲ ಕಂಡಾಗ ಅದು ಏಕೆ ಕೆಲಸ ಮಾಡುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೂ ಮೊದಲು, 1931ರಲ್ಲಿಯೇ, ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ನಮ್ಮ ಸರ್ಪಗಂಧದ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದಿದ್ದರು. ಆ ಬೇರಿನ ರಿಸರ್ಪೀನ್ ನರಕೋಶದಲ್ಲಿ ಸಂಗ್ರಹವಾಗಿರುವ ಡೋಪಮೈನನ್ನೇ ಬರಿದು ಮಾಡುತ್ತದೆ, ಅಂದರೆ ಜಲಾಶಯವನ್ನೇ ಖಾಲಿ ಮಾಡುತ್ತದೆ. ಕ್ಲೋರ್‌ಪ್ರೊಮಝೀನ್ ಮತ್ತು ಅಂಥದ್ದೇ ಇನ್ನೊಂದು ಔಷಧವಾದ ಹ್ಯಾಲೋಪೆರಿಡಾಲ್ ಹಾಗಲ್ಲದೆ ತೂಬಿಗೆ ಅಡ್ಡ ಹಾಕುತ್ತವೆ ಎಂಬ ಊಹೆಯನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1963ರಲ್ಲಿ ಮುಂದಿಟ್ಟರು. ಯಾವ ಔಷಧ ಡಿ2 ರಿಸೆಪ್ಟರಿಗೆ ಹೆಚ್ಚು ಬಿಗಿಯಾಗಿ ಅಂಟುತ್ತದೋ ಅದು ಕಡಿಮೆ ಮಿಲಿಗ್ರಾಮಿನಲ್ಲೇ ಸಾಕಾಗುತ್ತದೆ ಎಂಬುದನ್ನು 1970ರ ದಶಕದ ನಡುವಿನಲ್ಲಿ ಟೊರಾಂಟೊದ ಫಿಲಿಪ್ ಸೀಮನ್ ತೋರಿಸಿದ ಮೇಲೆ ಆ ಊಹೆಗೆ ಬಲ ಬಂತು.

ಈಗ ನಿಮ್ಮ ಪ್ರಶ್ನೆ. ತೀರಿಕೊಂಡ ರೋಗಿಗಳ ಮಿದುಳುಗಳಲ್ಲಿ ಡಿ2 ರಿಸೆಪ್ಟರುಗಳು ಹೆಚ್ಚಿದ್ದುದು ಆ ಕಾಲದಲ್ಲೇ ಕಂಡುಬಂದಿತ್ತು. ಆದರೆ ಅವರಲ್ಲಿ ಬಹುಮಂದಿ ವರ್ಷಗಟ್ಟಲೆ ಔಷಧ ತೆಗೆದುಕೊಂಡವರು, ಮತ್ತು ಆರೋಗ್ಯವಾಗಿರುವ ಇಲಿಗಳಿಗೆ ಕೆಲವು ವಾರ ಹ್ಯಾಲೋಪೆರಿಡಾಲ್ ಕೊಟ್ಟರೂ ರಿಸೆಪ್ಟರುಗಳು ಹೆಚ್ಚುತ್ತವೆ. ನೀರು ಬಾರದ ಕಾಲುವೆಯ ಕೆಳಭಾಗದವರು ಇನ್ನೆರಡು ಪೈಪು ಇಳಿಬಿಡುವುದನ್ನು ನೀವು ನೋಡಿದ್ದೀರಿ. ಸಂದೇಶ ಸಾಲದೆ ಹೋದ ನರಕೋಶವೂ ಅದನ್ನೇ ಮಾಡುತ್ತದೆ. ಹಾಗಾದರೆ ಒಂದು ಗುಳಿಗೆಯನ್ನೂ ನುಂಗದ ರೋಗಿಗಳ ಗತಿಯೇನು? ಜೀವಂತ ಮಿದುಳಿನಲ್ಲಿ ರಿಸೆಪ್ಟರ್ ಎಣಿಸಬಲ್ಲ ಪೆಟ್ ಸ್ಕ್ಯಾನ್ ಬಂದ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ 1986ರಲ್ಲಿ ಅಂಥವರಲ್ಲೂ ಹೆಚ್ಚಿವೆ ಎಂದಿತು. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ತಂಡ 1990ರಲ್ಲಿ ವ್ಯತ್ಯಾಸವೇ ಇಲ್ಲವೆಂದಿತು. ಮುಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಕಾಯಿಲೆಯಿಂದಲೇ ಆಗುವ ಹೆಚ್ಚಳ, ಇದ್ದರೆ, ತೀರ ಅಲ್ಪ.

ಹಾಗೆಂದು ಕಾಯಿಲೆಗೂ ಡೋಪಮೈನಿಗೂ ಸಂಬಂಧವಿಲ್ಲವೆಂದಲ್ಲ. 1990ರ ದಶಕದಿಂದ ಈಚೆಗಿನ ಪೆಟ್ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದು ಮೇಲ್ಭಾಗದ ದೋಷವನ್ನು: ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಎಂಬಲ್ಲಿ ನರಕೋಶಗಳು ಡೋಪಮೈನನ್ನು ಮಿತಿಮೀರಿ ತಯಾರಿಸುತ್ತವೆ, ಮಿತಿಮೀರಿ ಬಿಡುತ್ತವೆ. ಔಷಧ ಪಡೆಯದವರಲ್ಲೂ ಇದು ಕಾಣುತ್ತದೆ. ನಿಮ್ಮ ತಮ್ಮನ ಗುಳಿಗೆ ಆ ಮೇಲ್ಭಾಗವನ್ನು ಮುಟ್ಟುವುದಿಲ್ಲ, ಕೆಳಗಿನ ತೂಬನ್ನು ಮುಚ್ಚುತ್ತದೆ. ನಾಲ್ಕು ವರ್ಷ ಮುಚ್ಚಿದ, ನಡುವೆ ಸಂಖ್ಯೆಯಲ್ಲೂ ಹೆಚ್ಚಿರಬಹುದಾದ ತೂಬುಗಳನ್ನು ಒಂದು ದಿನ ಒಮ್ಮೆಲೇ ತೆರೆದರೆ ಹೊಲಕ್ಕೆ ನುಗ್ಗುವ ನೀರು ಮೊದಲಿಗಿಂತ ಹೆಚ್ಚೇ ಆದೀತು. ಭಾವನವರು ಹೇಳಿದ ಅರ್ಧ ನಿಜವು ಗುಳಿಗೆಯನ್ನು ಥಟ್ಟನೆ ನಿಲ್ಲಿಸಲು ಕಾರಣವಾಗುವುದಿಲ್ಲ, ನಿಲ್ಲಿಸಬಾರದೆಂಬುದಕ್ಕೇ ಕಾರಣವಾಗುತ್ತದೆ. 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ನೂರಕ್ಕೆ 27 ಮಂದಿಗೆ, ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ 64 ಮಂದಿಗೆ.

ಮಿದುಳು ಕುಗ್ಗುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಕಾಕ್ ಮಂಗಗಳಿಗೆ 17ರಿಂದ 27 ತಿಂಗಳಷ್ಟು ಕಾಲ ಹ್ಯಾಲೋಪೆರಿಡಾಲ್ ಅಥವಾ ಓಲಾಂಝಪೀನ್ ಕೊಟ್ಟಾಗ ಅವುಗಳ ಮಿದುಳು ನೂರಕ್ಕೆ ಎಂಟರಿಂದ ಹನ್ನೊಂದರಷ್ಟು ಕಿರಿದಾಗಿತ್ತೆಂದು 2005ರಲ್ಲಿ ವರದಿಯಾಯಿತು. ಅಯೋವಾದಲ್ಲಿ ನ್ಯಾನ್ಸಿ ಆಂಡ್ರಿಯಾಸನ್ ಅವರ ತಂಡ 211 ರೋಗಿಗಳನ್ನು ವರ್ಷಗಳ ಕಾಲ ಹಿಂಬಾಲಿಸಿ, ಔಷಧದ ಪ್ರಮಾಣ ಹೆಚ್ಚಿದ್ದವರಲ್ಲಿ ಮಿದುಳಿನ ಅಂಗಾಂಶದ ನಷ್ಟವೂ ಹೆಚ್ಚೆಂದು 2011ರಲ್ಲಿ ಬರೆಯಿತು. ಆದರೆ ಔಷಧವೇ ಇಲ್ಲದಿದ್ದ 1927ರಲ್ಲಿ ಜರ್ಮನಿಯ ವೈದ್ಯರು ಮಿದುಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆದಾಗಲೂ ಈ ರೋಗಿಗಳ ಮಿದುಳಿನ ಒಳಗಣ ಪೊಳ್ಳುಗಳು ಅಗಲವಾಗಿಯೇ ಕಂಡಿದ್ದವು. ಎರಡೂ ಕಾರಣಗಳಿಗೆ ಪಾಲಿದೆ. ಇದರಿಂದ ಹೊರಡುವ ತೀರ್ಮಾನ, ಕೆಲಸ ನಡೆಸುವಷ್ಟೇ ಪ್ರಮಾಣ ಸಾಕು, ಅದಕ್ಕಿಂತ ಮೇಲೆ ಬೇಡ ಎಂಬುದು.

ಆ ಪ್ರಮಾಣ ಎಷ್ಟು? ಡಿ2 ರಿಸೆಪ್ಟರುಗಳಲ್ಲಿ ನೂರಕ್ಕೆ ಸುಮಾರು 65 ಮುಚ್ಚಿದಾಗ ಬಹುಮಂದಿಗೆ ಗುಣ ಕಾಣುತ್ತದೆ. 80ರ ಹತ್ತಿರ ಬಂದರೆ ನಡುಕ, ಬಿಗಿತಗಳು ಶುರುವಾಗುತ್ತವೆ, ಏಕೆಂದರೆ ಕೈಕಾಲಿನ ಚಲನೆಯನ್ನು ನಡೆಸುವುದೂ ಅದೇ ಡೋಪಮೈನ್. ನಿಮ್ಮ ತಮ್ಮನ ಕೈ ಹೇಳುತ್ತಿರುವುದು ಬಹುಶಃ ಇದನ್ನೇ. ಪ್ರಮಾಣ ಇಳಿಸುವುದು, ಬೇರೆ ಔಷಧಕ್ಕೆ ಬದಲಿಸುವುದು, ಇವೆಲ್ಲ ವೈದ್ಯರ ಕೈಯಲ್ಲಿರುವ ದಾರಿಗಳು. ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲನ್ನು ಭಾವನವರ ಅಂಗಡಿಯಿಂದಲೇ ತಂದು ಕೊಡಬೇಡಿ. ಅದು ನೆನಪಿನ ಶಕ್ತಿಯನ್ನು ಮಂದ ಮಾಡುತ್ತದೆ, ಮಲಬದ್ಧತೆ ತರುತ್ತದೆ.

ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೆಂಬುದನ್ನು ಇಲ್ಲಿಯ ಜನರೇ ಮರೆತಿದ್ದಾರೆ. ಇಂದು ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ಊರಿನ ಸರದಿ ಯಾವ ವಾರವೆಂದು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ನಡುವೆ ತೊಂದರೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಗುಳಿಗೆಯ ಚೀಟಿಯನ್ನೂ, ನಡುಕ ಯಾವ ಹೊತ್ತಿನಲ್ಲಿ ಹೆಚ್ಚು, ಅನ್ನ ಕಲಸಿ ಉಣ್ಣುವಾಗಲೋ ಸುಮ್ಮನೆ ಕುಳಿತಾಗಲೋ ಎಂದು ಒಂದು ವಾರ ಬರೆದಿಟ್ಟ ಟಿಪ್ಪಣಿಯನ್ನೂ ಒಯ್ಯಿರಿ. ಆವರೆಗೆ ಗುಳಿಗೆ ಎಂದಿನಂತೆ ನಡೆಯಲಿ.

— ಸಂಪಾದಕ