ಮೊದಲು ರೇಡಿಯೋ ಆಫ್ ಮಾಡಿಸಿ, ಕ್ಯಾಮೆರಾ ಆಮೇಲೆ ನೋಡೋಣ

ಮುಂಬೈನಲ್ಲಿ ಕೆಲಸ, ಕೈಯಲ್ಲಿ ಒಂದಿಷ್ಟು ಉಳಿತಾಯ, ದೇಶ ದೇಶ ಸುತ್ತಿ ಅಲ್ಲಿನ ಜನಜೀವನ, ರಾಜಕೀಯದ ಮೇಲೆ ಸಾಕ್ಷ್ಯಚಿತ್ರ ಮಾಡುವ ಆಸೆ. ಯಾವ ಕ್ಯಾಮೆರಾ ಕೊಳ್ಳಲಿ, ಯಾವ ದೇಶದಿಂದ ಶುರು ಮಾಡಲಿ, ಕೆಲಸ ಬಿಡಲೇ ಅಂತ ಕೇಳಿದ್ದೀರಿ. ಕೆಲಸ ಬಿಡಬೇಡಿ. ಉಳಿದೆರಡು ಪ್ರಶ್ನೆಗಳನ್ನು ಸದ್ಯಕ್ಕೆ ಕೆಳಗಿಡಿ. ಅವೇ ಎರಡು ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಓಡಾಡಿದವನು ನಾನು. ಅದರಿಂದ ಏನಾಯಿತು ಅಂತ ಹೇಳುತ್ತೇನೆ.

ಆಗ ಡೊಂಬಿವಲಿಯಿಂದ ಬೆಲಾರ್ಡ್ ಪಿಯರ್‌ನ ಒಂದು ಆಫೀಸಿಗೆ ಹೋಗಿಬರುತ್ತಿದ್ದೆ. ಮಧ್ಯಾಹ್ನದ ಊಟ ಫೋರ್ಟ್‌ನ ಹಳೇ ಉಡುಪಿ ಹೋಟೆಲಿನಲ್ಲಿ. ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ಅಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಬೈಂದೂರು ಕಡೆಯವರು. ಹುಡುಗನಾಗಿದ್ದಾಗ ಬಂದು, ಲೋಟ ತೊಳೆದು, ಮಾಣಿಯಾಗಿ, ಕೊನೆಗೆ ಗಲ್ಲಾಕ್ಕೆ ಬಂದವರು. ನನ್ನ ತಲೆಯಲ್ಲಿ ಮಾತ್ರ ಚಿಲಿ, ಪ್ಯಾಲೆಸ್ಟೈನ್, ದಕ್ಷಿಣ ಆಫ್ರಿಕಾ. ರಜೆ ಹಾಕಿ ಚಿತ್ರೋತ್ಸವಗಳಿಗೆ ಹೋಗುತ್ತಿದ್ದೆ, ಬಂದು ದೇಶಗಳ ಪಟ್ಟಿ ತಿದ್ದುತ್ತಿದ್ದೆ.

ಒಂದು ದಿನ ಬಿಲ್ಲು ಕೊಡುವಾಗ ಏನೋ ಮಾತಿಗೆ ಜಾರ್ಜ್ ಫೆರ್ನಾಂಡಿಸ್ ಹೆಸರು ಬಂತು. ಅಣ್ಣ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಆ ಎಲೆಕ್ಷನ್ನಿಗೆ ರಾತ್ರಿ ಪೋಸ್ಟರ್ ಅಂಟಿಸಿದ್ದೇ ನಾವು ಮಾರಾಯ್ರೆ" ಅಂದರು.

1967ರ ಲೋಕಸಭೆ ಚುನಾವಣೆ. ದಕ್ಷಿಣ ಬಾಂಬೆ ಕ್ಷೇತ್ರ. ಒಂದು ಕಡೆ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲ್, ಕೇಂದ್ರದಲ್ಲಿ ರೈಲ್ವೆ ಮಂತ್ರಿ, ಬಾಂಬೆಯಲ್ಲಿ ಅವರ ಮಾತಿಗೆ ಎದುರಿಲ್ಲ. ಇನ್ನೊಂದು ಕಡೆ ಮಂಗಳೂರಿನಿಂದ ಬರಿಗೈಯಲ್ಲಿ ಬಂದು, ಟ್ಯಾಕ್ಸಿಯವರ, ಪೌರ ಕಾರ್ಮಿಕರ, ಹೋಟೆಲ್ ಕಾರ್ಮಿಕರ ಯೂನಿಯನ್ ಕಟ್ಟಿದ ಫೆರ್ನಾಂಡಿಸ್. ಅವರು ಗೆದ್ದರು. ಪುಸ್ತಕದಲ್ಲಿ ಇದು ಒಂದು ಸಾಲು. ಅಣ್ಣನ ಬಾಯಲ್ಲಿ ಅದು ಬೇರೆಯೇ ಆಗಿತ್ತು. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಇವರು ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರಂತೆ. ಶಾಲೆ ಬಿಟ್ಟ ಮೇಲೆ ಹೋಟೆಲಿನ ಮೈದಾವನ್ನೇ ಕುದಿಸಿ ಅಂಟು ಮಾಡಿ ಗೋಡೆಗೋಡೆಗೆ ಪೋಸ್ಟರ್. ಧಣಿಗಳಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಆಗ ಮತದಾನಕ್ಕೆ 21 ವರ್ಷ ಆಗಿರಬೇಕಿತ್ತು, ಅದು 18ಕ್ಕೆ ಇಳಿದದ್ದು ಎಷ್ಟೋ ಕಾಲದ ಮೇಲೆ. ಹಾಗಾಗಿ ಅಷ್ಟು ಪೋಸ್ಟರ್ ಅಂಟಿಸಿದ ಆ ಹುಡುಗರಲ್ಲಿ ಎಷ್ಟೋ ಜನರಿಗೆ ಓಟೇ ಇರಲಿಲ್ಲ.

ದೇಶ ದೇಶದ ರಾಜಕೀಯ ಹುಡುಕುತ್ತಿದ್ದವನಿಗೆ ದಿನಾ ಊಟ ಮಾಡುವ ಜಾಗದಲ್ಲೇ ಚಿತ್ರ ಸಿಕ್ಕಿತ್ತು. ಉಳಿತಾಯವೆಲ್ಲ ಸುರಿದು ದೊಡ್ಡ ಕ್ಯಾಮೆರಾ ಕೊಂಡೆ. ಲೆನ್ಸ್ ಕೊಂಡೆ. ಮೈಕ್‌ಗೆ ದುಡ್ಡು ಉಳಿಯಲಿಲ್ಲ. ಕ್ಯಾಮೆರಾದಲ್ಲೇ ಮೈಕ್ ಇದೆಯಲ್ಲ ಅಂದುಕೊಂಡೆ.

ಮೈಕ್ ಕೊಳ್ಳದೇ ಇದ್ದದ್ದು ನನ್ನ ದೊಡ್ಡ ತಪ್ಪಲ್ಲ. ಅದು ಚಿಕ್ಕದು. ದೊಡ್ಡದು ಬೇರೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ ಅಂತ ನನಗೆ ಗ್ಯಾರಂಟಿ ಅನಿಸುತ್ತದೆ.

ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆ ಚಹಾದ ಗಿರಾಕಿ ಶುರುವಾಗುವ ನಡುವೆ ಅಣ್ಣನಿಗೆ ಬಿಡುವು. ಗಲ್ಲಾದಲ್ಲೇ ಕೂರಿಸಿದೆ. ಅವರ ತಲೆಯ ಮೇಲೆ ಗೋಡೆಗೆ ಒಂದು ಸ್ಪೀಕರ್, ಅದರಲ್ಲಿ ರೇಡಿಯೋ, ಹಳೇ ಹಿಂದಿ ಹಾಡು. ನಾನು ಅದನ್ನು ಕೇಳಿಸಿಕೊಂಡೆ. ಆಫ್ ಮಾಡಿಸುವ ಯೋಚನೆಯೂ ಬಂತು. ಬೇಕಂತಲೇ ಬಿಟ್ಟೆ. ಆ ಹೋಟೆಲಿನಲ್ಲಿ ದಿನವಿಡೀ ರೇಡಿಯೋ ಇರುತ್ತದೆ, ಅದನ್ನು ನಿಲ್ಲಿಸಿದರೆ ನಾನು ತೋರಿಸುವುದು ಸುಳ್ಳು ಹೋಟೆಲ್ ಆಗುತ್ತದೆ ಅಂತ ನನ್ನ ವಾದ. ಅಷ್ಟರಲ್ಲಿ ಅಣ್ಣ ಪೋಸ್ಟರ್ ವಿಷಯಕ್ಕೆ ಬಂದರು, ಹಿಂದೆ ಅದೇ ಕಾಲದ ಹಾಡು ಬಂತು. ನನಗೆ ಮೈ ಜುಮ್ಮೆಂದಿತು. ಯಾರೂ ಜೋಡಿಸದೆ ತಾನಾಗಿ ಕೂಡಿಬಂದಿದೆ ಅನಿಸಿತು. ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು. ಸುಮ್ನೆ ಕ್ಯಾಮೆರಾ ಓಡಿಸುತ್ತಾ ನಿಂತೆ.

ಎಡಿಟಿಂಗಿಗೆ ಕೂತಾಗ ಮೊದಲ ಪೆಟ್ಟು. ಯಾರೂ ನೇರವಾಗಿ ಕಥೆ ಹೇಳುವುದಿಲ್ಲ. ಅಣ್ಣನೂ ಪೋಸ್ಟರಿನಿಂದ ಊರಿನ ಗದ್ದೆಗೆ ಹೋಗಿ, ತಂಗಿಯ ಮದುವೆಗೆ ಹೋಗಿ, ಮತ್ತೆ ಧಣಿಗೆ ಬಂದಿದ್ದರು. ನಡುವಿನದನ್ನು ತೆಗೆದರೆ ಮಾತು ಕೂಡುತ್ತದೆ, ಹಾಡು ಕೂಡುವುದಿಲ್ಲ. ಪಲ್ಲವಿಯ ಅರ್ಧದಿಂದ ಇನ್ಯಾವುದೋ ಹಾಡಿನ ಚರಣಕ್ಕೆ ಹಾರುತ್ತದೆ. ಅದರ ಮೇಲೆ ಬೇರೆ ಸದ್ದು ಹಾಕಿ ಮುಚ್ಚೋಣ ಅಂದರೆ ಅಣ್ಣನ ದನಿಯೂ ಮುಚ್ಚುತ್ತದೆ. ಕ್ಯಾಮೆರಾದ ಮೈಕು ದೂರದಲ್ಲಿತ್ತು. ಅದಕ್ಕೆ ದನಿ, ಹಾಡು ಎರಡೂ ಸಮ ಸಮ. ಈಗ ದನಿ ಬೇರೆ ಮಾಡುವ ಸಾಫ್ಟ್‌ವೇರ್ ಬಂದಿವೆ. ಬಳಸಿ ನೋಡಿದ್ದೇನೆ. ಮುದುಕರ ದನಿಯ ನಡುಕವನ್ನೂ ಕಸ ಅಂತ ಗುಡಿಸಿ ಹಾಕುತ್ತವೆ.

ಎರಡನೇ ಪೆಟ್ಟು ದುಡ್ಡಿನದು. ಒಂದು ವಿದೇಶಿ ಚಾನೆಲ್‌ನವರಿಗೆ ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆ, ಇಷ್ಟವಾಯಿತು. ಒಪ್ಪಂದದ ಕಾಗದದ ಜೊತೆ, ಚಿತ್ರದಲ್ಲಿ ಕೇಳಿಸುವ ಪ್ರತಿ ಹಾಡಿನ ಹಕ್ಕುಪತ್ರ ಕೊಡಿ ಅಂತ ಬಂತು. ಹಿನ್ನೆಲೆಯ ರೇಡಿಯೋ ಅಂದೆ. ಅವರಿಗೆ ಅದು ಲೆಕ್ಕಕ್ಕಿಲ್ಲ. ಕೇಳಿಸಿದರೆ ಹಾಡು, ಹಾಡಾದರೆ ಹಕ್ಕು. ಒಂದು ಹಾಡಿಗೆ ಹಕ್ಕೂ ಒಂದಲ್ಲ. ಸಾಹಿತ್ಯ ಮತ್ತು ರಾಗದ್ದು ಒಂದು ಕಡೆ, ಆ ಧ್ವನಿಮುದ್ರಣದ್ದು ಇನ್ನೊಂದು ಕಡೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಹಳೇ ಹಾಡು, ಯಾರು ಕೇಳ್ತಾರೆ ಅನ್ನುವುದು ನಡೆಯುವುದಿಲ್ಲ. ಹಕ್ಕಿದ್ದ ಕಂಪನಿ ಹೇಳಿದ ಮೊತ್ತ ನನ್ನ ಇಡೀ ಚಿತ್ರದ ಖರ್ಚಿಗಿಂತ ಜಾಸ್ತಿ ಇತ್ತು. ಚಾನೆಲ್ ಕೈಬಿಟ್ಟಿತು.

ದೊಡ್ಡವರಿಗೂ ಹೀಗಾಗಿದೆ. ಅಮೆರಿಕದ ಜಾನ್ ಎಲ್ಸ್ ಒಂದು ಒಪೆರಾದ ರಂಗಮಂದಿರದಲ್ಲಿ ತೆರೆಯ ಹಿಂದಿನ ಕೆಲಸಗಾರರ ಬಗ್ಗೆ ಚಿತ್ರ ಮಾಡುವಾಗ, ಮೂಲೆಯ ಟಿವಿಯಲ್ಲಿ ಒಂದು ಕಾರ್ಟೂನು ನಾಲ್ಕೂವರೆ ಸೆಕೆಂಡು ಕಂಡಿತು. ಅದಕ್ಕೆ ಕೇಳಿದ್ದು 10,000 ಡಾಲರ್. ಅವರು ಆ ಟಿವಿ ಪರದೆಯ ಮೇಲೆ ತಮ್ಮದೇ ಹಳೇ ಚಿತ್ರದ ತುಣುಕು ಕೂರಿಸಿ ಪಾರಾದರು. ದೃಶ್ಯದಲ್ಲಿ ಹಾಗೆ ಮಾಡಬಹುದು, ಧ್ವನಿಯಲ್ಲಿ ಮಾಡಲಾಗುವುದಿಲ್ಲ. ಅದೇ ಎಲ್ಸ್ ಕೆಲಸ ಮಾಡಿದ್ದ ಇನ್ನೊಂದು ಸರಣಿ 'ಐಸ್ ಆನ್ ದ ಪ್ರೈಜ್'. ಅಮೆರಿಕದ ಕರಿಯರ ಹಕ್ಕಿನ ಹೋರಾಟದ ಬಗ್ಗೆ 1987ರಲ್ಲಿ ಬಂದದ್ದು. ಅದರ ಹಳೇ ದೃಶ್ಯ, ಫೋಟೋ, ಹಾಡುಗಳ ಹಕ್ಕನ್ನು ಕೆಲವೇ ವರ್ಷಕ್ಕೆ ಕೊಂಡಿದ್ದರು. ಅವಧಿ ಮುಗಿದದ್ದೇ ಸರಣಿ ಟಿವಿಯಿಂದ, ಅಂಗಡಿಯಿಂದ ಮಾಯವಾಯಿತು. ಹೊಸದಾಗಿ ದುಡ್ಡು ಕೂಡಿಸಿ ಹಕ್ಕು ಕೊಂಡು ಟಿವಿಗೆ ವಾಪಸ್ ತರುವ ಹೊತ್ತಿಗೆ 2006. ಅಷ್ಟು ವರ್ಷ ಒಂದು ತಲೆಮಾರಿಗೆ ಅದನ್ನು ಸರಿಯಾಗಿ ನೋಡಲಾಗಲಿಲ್ಲ. ನನಗೆ ಇದು ಹಾಡಿನ ವಿಷಯವಾಗಿ ಕಾಣುವುದಿಲ್ಲ. ಬಡವರ ಚರಿತ್ರೆ ಹೀಗೇ ಕಪಾಟಿನಲ್ಲಿ ಉಳಿದುಹೋಗುತ್ತದೆ.

ಮತ್ತೆ ಶೂಟ್ ಮಾಡಬಹುದಿತ್ತಲ್ಲ ಅಂತೀರಿ. ಹೊರಟೆ. ಅಷ್ಟರಲ್ಲಿ ಆ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ ಹೋಟೆಲ್ ಮುಚ್ಚಿತ್ತು, ಅಣ್ಣ ಊರು ಸೇರಿದ್ದರು. ಬೈಂದೂರಿಗೆ ಹೋದೆ. ಒಳ್ಳೇ ಮೈಕ್ ಇತ್ತು, ರೇಡಿಯೋ ಇರಲಿಲ್ಲ. ಚಾವಡಿಯಲ್ಲಿ ಕೂತು ಅಣ್ಣ ಎಲ್ಲವನ್ನೂ ಹೇಳಿದರು, ಒಂದೂ ಬಿಡದೆ. ಆದರೆ ಮೊದಲ ಸಲ ಅವರು 1967ನ್ನು ನೆನಪು ಮಾಡಿಕೊಂಡಿದ್ದರು. ಈ ಸಲ, ನನಗೆ ಹಿಂದೆ ಹೇಳಿದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದರು. ಪೋಸ್ಟರ್, ಅಂಟು, ಧಣಿ ಎಲ್ಲ ಇತ್ತು, ಆ ಹುಡುಗ ಇರಲಿಲ್ಲ. ಚಿತ್ರ ಹಾಗೇ ನಿಂತಿತು.

ಮಾಡಬೇಕಾಗಿದ್ದು ಇಷ್ಟೇ: "ಅಣ್ಣ, ಸ್ವಲ್ಪ ಹೊತ್ತು ರೇಡಿಯೋ ಆಫ್ ಮಾಡಿಸ್ತೀರಾ?" ಮಾತು ಮುಗಿದ ಮೇಲೆ ಯಾರೂ ಮಾತಾಡದೆ ಒಂದೆರಡು ನಿಮಿಷ ಹೋಟೆಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ತಟ್ಟೆ, ಫ್ಯಾನು, ಹೊರಗಿನ ಹಾರ್ನು. ಇದಕ್ಕೆ ರೂಮ್ ಟೋನ್ ಅಂತಾರೆ. ಎಲ್ಲಿ ಕತ್ತರಿಸಿದರೂ ಅದು ತೇಪೆ ಹಾಕುತ್ತದೆ. ಆಮೇಲೆ ರೇಡಿಯೋ ಹಾಕಿಸಿ ಅದನ್ನು ಬೇರೆಯಾಗಿ ತೆಗೆದುಕೊಳ್ಳಬಹುದಿತ್ತು. ಹಕ್ಕು ಸಿಕ್ಕರೆ ಇಡು, ಇಲ್ಲದಿದ್ದರೆ ಬಿಡು. ರೇಡಿಯೋ ನಿಲ್ಲಿಸಿದರೆ ಸತ್ಯ ಕೆಡುತ್ತದೆ ಅಂದುಕೊಂಡಿದ್ದೆ. ಸತ್ಯ ಇದ್ದದ್ದು ಅಣ್ಣನ ದನಿಯಲ್ಲಿ.

ಆದ್ದರಿಂದ ಕ್ಯಾಮೆರಾ ಪ್ರಶ್ನೆಗೆ ನನ್ನ ಉತ್ತರ: ಈಗಿರುವ ಫೋನ್ ಸಾಕು. ದುಡ್ಡನ್ನು ಅಂಗಿಗೆ ಸಿಕ್ಕಿಸುವ ಒಂದು ಲ್ಯಾಪಲ್ ಮೈಕ್, ಒಂದು ರೆಕಾರ್ಡರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ ಹಾಕಿ. ಹೆಡ್‌ಫೋನ್ ಇಲ್ಲದೆ ರೆಕಾರ್ಡ್ ಮಾಡಲೇಬೇಡಿ. ನಮ್ಮ ಕಿವಿ ಬೇಡದ್ದನ್ನು ತಾನೇ ಬಿಡುತ್ತದೆ, ಮೈಕ್ ಬಿಡುವುದಿಲ್ಲ. ಫ್ರೆಡರಿಕ್ ವೈಸ್‌ಮನ್ ಆಸ್ಪತ್ರೆ, ಶಾಲೆ, ಕಚೇರಿಗಳ ಒಳಗೆ ಕೂತು ಚಿತ್ರ ಮಾಡಿದವರು. ಅವರು ಕ್ಯಾಮೆರಾವನ್ನು ಬೇರೆಯವರ ಕೈಗೆ ಕೊಟ್ಟು ಮೈಕನ್ನು ತಾವು ಹಿಡಿಯುತ್ತಿದ್ದರು. ನಿರ್ದೇಶಕ ಇರಬೇಕಾದ ಜಾಗ ಅದು ಅಂತ ನನಗೆ ಈಗ ಅನಿಸುತ್ತದೆ.

ದೇಶದ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಇಷ್ಟವಾಗಲಿಕ್ಕಿಲ್ಲ. ಮಾತು ಗೊತ್ತಿಲ್ಲದ ದೇಶಕ್ಕೆ ಹೋಗಬೇಡಿ. ಎದುರಿಗಿದ್ದವರು ಏನು ಹೇಳುತ್ತಿದ್ದಾರೆ ಅಂತ ಆ ಕ್ಷಣದಲ್ಲೇ ತಿಳಿಯದಿದ್ದರೆ, ಯಾವಾಗ ಸುಮ್ಮನಿರಬೇಕು, ಯಾವಾಗ ಇನ್ನೊಂದು ಪ್ರಶ್ನೆ ಕೇಳಬೇಕು ಅಂತ ಹೇಗೆ ಗೊತ್ತಾಗುತ್ತದೆ? ದುಭಾಷಿ ಅರ್ಥ ಹೇಳುವಷ್ಟರಲ್ಲಿ ಆ ಕ್ಷಣ ಹೋಗಿರುತ್ತದೆ. ಜಾಶುವಾ ಒಪೆನ್‌ಹೈಮರ್ ಇಂಡೋನೇಷ್ಯಾದ 1965-66ರ ಹತ್ಯೆಗಳ ಬಗ್ಗೆ ಮಾಡಿದ ಚಿತ್ರ 2012ರಲ್ಲಿ ಬಂತು. ಅವರು ಅಲ್ಲಿನ ಭಾಷೆ ಕಲಿತು ವರ್ಷಗಟ್ಟಲೆ ಅದೇ ಜನರ ಜೊತೆ ಕೆಲಸ ಮಾಡಿದ್ದರು. ಆ ಚಿತ್ರದ ಕೊನೆಯ ಹೆಸರುಗಳ ಪಟ್ಟಿ ನೋಡಿ. ಅಲ್ಲಿನ ಸ್ಥಳೀಯರ ಹೆಸರಿನ ಜಾಗದಲ್ಲಿ 'ಅನಾಮಧೇಯ' ಅಂತ ಸಾಲು ಸಾಲಾಗಿ ಇದೆ. ಹೆಸರು ಬಂದರೆ ಅವರಿಗೆ ಅಪಾಯ. ಹೊರಗಿನವರು ವಿಮಾನ ಹತ್ತಿ ಹೊರಟುಬಿಡುತ್ತಾರೆ, ಆ ಊರಿನವರು ಅಲ್ಲೇ ಬದುಕಬೇಕು. ಆ ಭಾರ ಹೊರುವ ತಯಾರಿ ನಿಮಗಿದೆಯೇ? ನನಗಿರಲಿಲ್ಲ.

ಫ್ರಾನ್ಸಿನ ಜಾನ್ ರೂಷ್ ಪಶ್ಚಿಮ ಆಫ್ರಿಕಾದಲ್ಲಿ ವರ್ಷಗಟ್ಟಲೆ ಚಿತ್ರ ಮಾಡಿದವರು. 1960ರಲ್ಲಿ ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾನ್ ಜೊತೆ ಕ್ಯಾಮೆರಾವನ್ನು ತಮ್ಮದೇ ಪ್ಯಾರಿಸ್ ಕಡೆ ತಿರುಗಿಸಿ, ನೀವು ಸುಖವಾಗಿದ್ದೀರಾ ಅಂತ ಬೀದಿಯ ಜನರನ್ನು ಕೇಳಿಸಿದರು. ಆ ಮಾತುಗಳ ನಡುವೆಯೇ ಅಲ್ಜೀರಿಯಾ ಯುದ್ಧ ಬಂತು. ಆಮೇಲೆ ತೆಗೆದದ್ದನ್ನು ಅದರಲ್ಲಿದ್ದವರಿಗೇ ತೋರಿಸಿ, ಅವರ ಜಗಳವನ್ನೂ ಚಿತ್ರದಲ್ಲಿ ಇಟ್ಟರು. ಈ ಕೊನೆಯದನ್ನು ನೀವೂ ಮಾಡಿ. ಯಾರ ಮಾತು ತೆಗೆದಿದ್ದೀರೋ ಅವರಿಗೆ ಮೊದಲು ತೋರಿಸಿ.

ಕೆಲಸ ಬಿಡಬೇಡಿ ಅಂದದ್ದು ಹೆದರಿಸಲಿಕ್ಕಲ್ಲ. 1997ರಲ್ಲಿ ಘಾಟ್ಕೋಪರ್‌ನ ರಮಾಬಾಯಿ ನಗರದಲ್ಲಿ ಪೊಲೀಸ್ ಗೋಲಿಬಾರ್ ಆಗಿ ಹತ್ತು ದಲಿತರು ಸತ್ತರು. ಆನಂದ್ ಪಟವರ್ಧನ್ ಅಲ್ಲಿಂದ ಶುರು ಮಾಡಿದ ಚಿತ್ರ ಮುಗಿದದ್ದು 2011ರಲ್ಲಿ. 14 ವರ್ಷ. ಅಷ್ಟು ಕಾಯಬೇಕಾದರೆ ಬಾಡಿಗೆ ಕಟ್ಟುವ ದಾರಿ ಒಂದು ಬೇಕಲ್ವಾ? ಸಂಬಳ ಇದ್ದರೆ ಯಾರಿಗೋ ಒಪ್ಪಿಸಬೇಕು ಅಂತ ಚಿತ್ರವನ್ನು ಅವಸರದಲ್ಲಿ ಮುಗಿಸಬೇಕಾಗಿಲ್ಲ. ಸಾರ್ವಜನಿಕವಾಗಿ ತೋರಿಸಲು 1952ರ ಕಾಯ್ದೆಯ ಪ್ರಕಾರ ಸೆನ್ಸಾರ್ ಪತ್ರ ಬೇಕು. ಅದು ಆಮೇಲಿನ ಮಾತು, ಈಗಲೇ ಅದರ ಚಿಂತೆ ಬೇಡ.

ಕನ್ನಡ ಬಲ್ಲವರು ನೀವು. ಮುಂಬೈ, ನವಿ ಮುಂಬೈಯ ಎಷ್ಟೋ ನಾಕಾಗಳಲ್ಲಿ, ಅಂದರೆ ರಸ್ತೆ ಕೂಡುವ ಜಾಗಗಳಲ್ಲಿ, ಬೆಳಗ್ಗೆ ಕೂಲಿಗೆ ಕಾಯುತ್ತಾ ಕಲಬುರಗಿ, ಯಾದಗಿರಿ, ವಿಜಯಪುರದ ಜನ ನಿಂತಿರುತ್ತಾರೆ. ಮಳೆ ಕೈಕೊಟ್ಟದ್ದು, ಸಾಲ, ಊರಲ್ಲಿ ಓಟು ಇದ್ದರೂ ಇಲ್ಲಿ ವಿಳಾಸವಿಲ್ಲದ್ದು, ಎಲ್ಲ ಅಲ್ಲಿದೆ, ನಿಮಗೆ ತಿಳಿಯುವ ಮಾತಿನಲ್ಲೇ ಇದೆ. ಎಂಟು ಗಂಟೆಯೊಳಗೆ ಹೋಗಿ. ತಡವಾದರೆ ಕೆಲಸ ಸಿಕ್ಕವರು ಹೊರಟಿರುತ್ತಾರೆ, ಉಳಿದವರಿಗೆ ಮಾತಾಡುವ ಮನಸ್ಸಿರುವುದಿಲ್ಲ. ಮೊದಲ ಕೆಲವು ವಾರ ಏನೂ ಒಯ್ಯಬೇಡಿ. ಆಮೇಲೆ ಮೈಕ್ ತೆಗೆದುಕೊಂಡು ಹೋಗಿ, ಪಕ್ಕದ ಚಹಾದ ಗಾಡಿಯಲ್ಲಿ ಹಾಡು ಹಾಕಿದ್ದರೆ ಅವನನ್ನು ಕೇಳಿಕೊಂಡು ಮೊದಲು ಆಫ್ ಮಾಡಿಸಿ.