ಓದುಗರ ಪ್ರಶ್ನೆ: ಲೋರೈಡರ್ ಡಿಕ್ಕಿಯ ಬ್ಯಾಟರಿಗಳು

ಪ್ರಶ್ನೆ: ನನ್ನ ಲೋರೈಡರ್ (ನೆಲಕ್ಕೆ ತಗ್ಗಿಸಿ, ಮೇಲೇರಿಸಿ ಕುಣಿಸುವ ಕಾರು) ಡಿಕ್ಕಿಯಲ್ಲಿ ಹೈಡ್ರಾಲಿಕ್ಸ್‌ಗೆ (ಎಣ್ಣೆಯ ಒತ್ತಡದಿಂದ ಕಾರನ್ನು ಏರಿಳಿಸುವ ವ್ಯವಸ್ಥೆ) ಎರಡು ಪಂಪ್, ಆರು ಬ್ಯಾಟರಿ ಇವೆ. ಸಬ್‌ವೂಫರ್ (ಗಡಸು ತಗ್ಗು ಸ್ವರದ ಸ್ಪೀಕರ್) ಆಂಪ್ಲಿಫೈಯರ್‌ಗೂ ಅವುಗಳಲ್ಲೇ ಒಂದರಿಂದ ಕರೆಂಟ್ ಎಳೆಯಬಹುದೇ?

ಉತ್ತರ: ಬೇಡವೇ ಬೇಡ. ಆರು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿದ್ದರೆ ಒಟ್ಟು 72 ವೋಲ್ಟ್. ಒಂದರಿಂದಷ್ಟೇ ಹೆಚ್ಚುವರಿ ಕರೆಂಟ್ ಎಳೆದರೆ ಅದು ಮೊದಲು ಬರಿದಾಗಿ ಇಡೀ ಸಾಲನ್ನು ಕೆಳಗೆಳೆಯುತ್ತದೆ. ವೋಲ್ಟೇಜ್ ಕುಸಿದಾಗ ಸೊಲೆನಾಯ್ಡ್‌ನ (ಪಂಪ್ ಮೋಟರ್‌ಗೆ ಕರೆಂಟ್ ಕೊಟ್ಟು ನಿಲ್ಲಿಸುವ ವಿದ್ಯುತ್ ಸ್ವಿಚ್) ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳಬಹುದು. ಆಮೇಲೆ ಸ್ವಿಚ್ ಬಿಟ್ಟರೂ ಮೋಟರ್ ನಿಲ್ಲದು, ಕೇಬಲ್ ಹೊತ್ತಿಕೊಳ್ಳಬಹುದು. ಅದಕ್ಕೇ ಗ್ರೌಂಡ್ ಕೇಬಲ್‌ಗೆ ಕೈಗೆಟುಕುವಂತೆ ಕ್ವಿಕ್ ಡಿಸ್ಕನೆಕ್ಟ್ (ಥಟ್ಟನೆ ಸಂಪರ್ಕ ಕಡಿಯುವ ಸಾಧನ) ಇರಲೇಬೇಕು.

ಆಂಪ್ಲಿಫೈಯರ್‌ಗೆ ಆಲ್ಟರ್ನೇಟರ್ ಚಾರ್ಜ್ ಮಾಡುವ ಎಂಜಿನ್ ಬ್ಯಾಟರಿಯಿಂದಲೇ ದಪ್ಪ ಕೇಬಲ್ ತನ್ನಿ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಹಾಕಿ. ಸಬ್‌ವೂಫರ್ ಪೆಟ್ಟಿಗೆಯನ್ನು ಫ್ರೇಮ್‌ಗೆ ಬೋಲ್ಟ್ ಮಾಡಿ. ಕಾರು ಕುಣಿದಾಗ ಸ್ಕ್ರೂ ನಿಲ್ಲುವುದಿಲ್ಲ. ಚಾರ್ಜ್ ಮಾಡುವಾಗ ಡಿಕ್ಕಿ ತೆರೆದಿರಲಿ, ಹೈಡ್ರೋಜನ್ ಹೊರಹೋಗಬೇಕು.