ಕೋರ್ಟ್ನಿ ಬಾರ್ನೆಟ್ ಹಾಡುಗಳು ಸುಮ್ನೆ ಮಾತಾಡಿದ ಹಾಗಿವೆ. ಜನ ಅಷ್ಟೊಂದು ಇಷ್ಟಪಡೋದು ಯಾಕೆ?

ಮಾತಾಡಿದ ಹಾಗಿದೆ ಅನ್ನೋದು ನಿಜ. ನನಗೆ ಈಕೆ ಹಿಡಿಸಿದ್ದೇ ಅದಕ್ಕೆ. ಸಾಮಾನ್ಯವಾಗಿ ಹಾಡು ಬರೆಯುವವರು ದಿನನಿತ್ಯದ ಸಂಗತಿಗಳಲ್ಲಿ ‘ಹಾಡಿಗೆ ಆಗುವಂಥದ್ದು’ ಮಾತ್ರ ಆರಿಸಿಕೊಳ್ಳುತ್ತಾರೆ. ಮೆಲ್ಬರ್ನ್‌ನ ಈ ಗಾಯಕಿ ಆ ಗೋಜಿಗೇ ಹೋಗುವುದಿಲ್ಲ. ಬಾರ್‌ನಲ್ಲಿ ಕೆಲಸ ಮಾಡುತ್ತಿದ್ದವಳು, 2012ರಲ್ಲಿ ಮಿಲ್ಕ್ ರೆಕಾರ್ಡ್ಸ್ ಅಂತ ತನ್ನದೇ ರೆಕಾರ್ಡ್ ಕಂಪನಿ ಮಾಡಿಕೊಂಡು ಹಾಡು ಹೊರತಂದಳು. ಇದು ಬೇಡ, ಅದು ಬೇಡ ಅನ್ನಲು ಮೇಲೆ ಯಾರೂ ಇರಲಿಲ್ಲ.

2013ರ ‘ಆವಾಂಟ್ ಗಾರ್ಡನರ್’ ತಗೊಳ್ಳಿ. ಸೋಮವಾರ, ವಿಪರೀತ ಸೆಕೆ. ಅಂಗಳದ ತುಂಬ ಕಸ ಬಿದ್ದಿದೆ, ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ ಅಂತ ಅನ್ನಿಸುತ್ತದೆ, ತೋಟದ ಕಳೆ ಕೀಳಲು ಕೂರುತ್ತಾಳೆ. ಉಸಿರು ಕಟ್ಟುತ್ತದೆ, ಆಂಬುಲೆನ್ಸ್ ಬರುತ್ತದೆ. ಪ್ರಾಣ ಹೋಗುವ ಹೊತ್ತಲ್ಲೂ, ದಾರಿಯಲ್ಲಿ ಕಂಡ ಪರಿಚಯದವನು ತನ್ನನ್ನು ನೋಡಿ ಏನು ಯೋಚಿಸುತ್ತಿರಬಹುದು ಅನ್ನೋ ಚಿಂತೆ! ಆಂಬುಲೆನ್ಸ್‌ನಲ್ಲಿ ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್‌ಗೆ ಇವಳು ಗಿಟಾರ್ ನುಡಿಸುತ್ತಾಳೆ ಅಂತ ಮೆಚ್ಚುಗೆ. ಇವಳಿಗೋ, ಆಕೆ ಜನ ಸಾಯದಂತೆ ನೋಡಿಕೊಳ್ಳುತ್ತಾಳಲ್ಲ ಅಂತ ಮೆಚ್ಚುಗೆ. ಕೇಳಿ ನಗು ಬಂತು, ಆಮೇಲೆ ಆ ಮಾತು ಎಷ್ಟು ನಿಜ ಅನ್ನಿಸಿತು. ನಗಿಸಲೇಬೇಕು ಅಂತ ಹೊರಟವರಿಗೆ ಈ ಸಾಲು ಹೊಳೆಯುವುದಿಲ್ಲ.

ಆದರೆ ನೀವು ಒಂದೇ ಹಾಡು ಕೇಳುವುದಾದರೆ 2015ರ ಆಲ್ಬಮ್‌ನಲ್ಲಿರುವ ‘ಡಿಪ್ರೆಸ್ಟನ್’ ಕೇಳಿ. ಒಂದು ಜೋಡಿ ಮನೆ ಹುಡುಕುತ್ತಿದೆ. ಊರಾಚೆ ಹೋದರೂ ಪರವಾಗಿಲ್ಲ, ಸುತ್ತ ಕಾಫಿ ಅಂಗಡಿಗಳು ಇರಲೇಬೇಕು ಅಂತೇನಿಲ್ಲ. ಮನೆಗೇ ಕಾಫಿ ಮಾಡುವ ಪರ್ಕೊಲೇಟರ್ ತಂದಾಗಿದೆ, ವಾರಕ್ಕೆ 23 ಡಾಲರ್ ಉಳಿಯುತ್ತಿದೆ. ಹೀಗೆ ಲೆಕ್ಕ ಹಾಕುತ್ತಾ ಪ್ರೆಸ್ಟನ್ ಅನ್ನೋ ಬಡಾವಣೆಗೆ ಹೋಗುತ್ತಾರೆ. ಮನೆ ಚೆನ್ನಾಗಿದೆ. ಕೈತೋಟ ಇದೆ, ಎರಡು ಕಾರು ನಿಲ್ಲುವ ಗ್ಯಾರೇಜ್ ಇದೆ. ರೇಟೂ ಕಡಿಮೆ. ಯಾಕೆ ಅಂದರೆ, ಇದ್ದವರು ತೀರಿಕೊಂಡಿದ್ದಾರೆ. ಅದನ್ನು ಹೇಳಿದ ಬೆನ್ನಿಗೇ, ಸೀಲಿಂಗ್ ಎಷ್ಟು ಚೆನ್ನಾಗಿದೆ ನೋಡಿ ಅನ್ನೋ ಮಾತು. ಬೆಂಗಳೂರಿನಲ್ಲಿ ಬ್ರೋಕರ್ ಜೊತೆ ಮನೆ ನೋಡಿದವರಿಗೆ ಈ ಧಾಟಿ ಚೆನ್ನಾಗಿ ಗೊತ್ತು, ಅಲ್ವಾ?

ಆಮೇಲೆ ಅವಳ ಕಣ್ಣು ಬಚ್ಚಲುಮನೆಯ ಕಂಬಿಯ ಮೇಲೆ ಬೀಳುತ್ತದೆ. ವಯಸ್ಸಾದವರು ಜಾರದೆ ಇರಲು ಹಿಡಿದುಕೊಳ್ಳುವ ಕಂಬಿ. ಕಾಫಿ, ಟೀ, ಹಿಟ್ಟಿನ ಡಬ್ಬಿಗಳು. ವಿಯೆಟ್ನಾಂನಲ್ಲಿ ವ್ಯಾನ್‌ನಲ್ಲಿರುವ ಒಬ್ಬ ಹುಡುಗನ ಫೋಟೊ. ಅಷ್ಟೇ. ಅವನು ಯಾರು, ಬದುಕಿದ್ದಾನಾ, ಏನೂ ಹೇಳುವುದಿಲ್ಲ. ಆಸ್ಟ್ರೇಲಿಯಾದ ಹುಡುಗರೂ ಆ ಯುದ್ಧಕ್ಕೆ ಹೋಗಿದ್ದರು ಅನ್ನೋದು ನೆನಪಾದರೆ ಎದೆ ಹಿಂಡುತ್ತದೆ. ಇನ್ನು ಅವಳಿಗೆ ನೆಲ ಯಾವುದು, ಮುಂದಿನ ಕೋಣೆ ಯಾವ ದಿಕ್ಕಿಗಿದೆ ಅನ್ನೋದೆಲ್ಲ ತಲೆಗೇ ಹೋಗುವುದಿಲ್ಲ. ಕೊನೆಗೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ಇನ್ನೊಂದು ಅರ್ಧ ಮಿಲಿಯನ್ ಡಾಲರ್ ಇದ್ದರೆ ಇದನ್ನು ಕೆಡವಿ ಹೊಸದು ಕಟ್ಟಿಸಬಹುದು. ಮೊದಲ ಸಲ ಅದು ವ್ಯಾಪಾರದ ಮಾತು. ನಾಲ್ಕನೇ ಸಲಕ್ಕೆ ಆ ಮನೆಯಲ್ಲಿದ್ದ ಅಜ್ಜಿಯ ಇಡೀ ಬದುಕನ್ನು ಕೆಡವಿದ ಹಾಗೆ ಕೇಳಿಸುತ್ತದೆ. ಟ್ಯೂನ್ ಬದಲಾಗಿಲ್ಲ, ದನಿ ಏರಿಲ್ಲ. ‘ನನಗೆ ದುಃಖವಾಯಿತು’ ಅಂತ ಎಲ್ಲೂ ಹೇಳಿಲ್ಲ. 23 ಡಾಲರಿನ ಲೆಕ್ಕ ಹೇಳಿದ ದನಿಯಲ್ಲೇ ಇದನ್ನೂ ಹಾಡುತ್ತಾಳೆ. ಮಾತಾಡಿದ ಹಾಗೆ ಹಾಡೋದರ ಬಲ ಇದು. ರಾಗ ಎಳೆದಿದ್ದರೆ ನಾವು ಏನು ಅನುಭವಿಸಬೇಕು ಅಂತ ಅವಳೇ ಹೇಳಿಕೊಟ್ಟ ಹಾಗಾಗುತ್ತಿತ್ತು.

ಅದೇ ಆಲ್ಬಮ್‌ನ ‘ಎಲಿವೇಟರ್ ಆಪರೇಟರ್’ ಕೂಡ ನನಗೆ ತುಂಬಾ ಇಷ್ಟ. ಕೆಲಸಕ್ಕೆ ಚಕ್ಕರ್ ಹೊಡೆದು ಕಟ್ಟಡದ ಮೇಲೆ ಹತ್ತಿದ ಹುಡುಗನನ್ನು ನೋಡಿ, ಕೆಳಗೆ ಹಾರಲು ಬಂದಿದ್ದಾನೆ ಅಂತ ಒಬ್ಬ ಹೆಂಗಸು ಗಾಬರಿಯಾಗುತ್ತಾಳೆ. ಅವನು ಬಂದಿರುವುದು ಊರು ನೋಡುತ್ತಾ ಸಿಮ್‌ಸಿಟಿ ಅನ್ನೋ ಊರು ಕಟ್ಟುವ ಕಂಪ್ಯೂಟರ್ ಆಟ ಆಡುತ್ತಿದ್ದೇನೆ ಅಂತ ಕಲ್ಪಿಸಿಕೊಳ್ಳಲು.

ಸಾಹಿತ್ಯವನ್ನು ಮುಂದಿಟ್ಟುಕೊಂಡು ಕೇಳಿ. ಆಸ್ಟ್ರೇಲಿಯನ್ ಉಚ್ಚಾರಣೆ, ಮೇಲೆ ಪ್ರಾಸಗಳು ಒಂದರ ಹಿಂದೊಂದು ಓಡುತ್ತವೆ, ಮೊದಲ ಸಲಕ್ಕೆ ಅರ್ಧ ತಪ್ಪಿಹೋಗುತ್ತದೆ. ‘ಪೆಡೆಸ್ಟ್ರಿಯನ್ ಅಟ್ ಬೆಸ್ಟ್’ ಮಾತ್ರ ಆಮೇಲೆ ಕೇಳಿ. ಅದು ಜೋರು ಗದ್ದಲದ ಹಾಡು. ನನ್ನನ್ನು ಎತ್ತರದಲ್ಲಿ ಕೂರಿಸಬೇಡಿ, ನಿರಾಸೆ ಮಾಡುತ್ತೇನೆ ಅಂತ ಅದರಲ್ಲಿ ನೇರವಾಗಿ ಹೇಳುತ್ತಾಳೆ. ಉಳಿದ ಹಾಡು ಕೇಳಿದ ಮೇಲೆ ಆ ಮಾತನ್ನು ಮನಸ್ಸಿನಿಂದಲೇ ಹೇಳಿದ್ದಾಳೆ ಅಂತ ನಂಬಬಹುದು.